ಬಚ್ಚಲ ಒಲೆಯ ಪ್ರಶ್ನೆ, ಬಾಟಲಿ ಸ್ಪೇಸರ್ ಮತ್ತು ನಮ್ಮ ಶನಿವಾರದ ಓದು

ಶಿವಮೊಗ್ಗದಲ್ಲಿ ಶ್ವಾಸಕೋಶದ ಡಾಕ್ಟರ್ ಆಗಿ ಕೆಲಸ ಮಾಡುತ್ತಿದ್ದೇನೆ. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ ಅಂತ ಸುತ್ತಲಿನ ಎಲ್ಲಾ ಕಡೆಯಿಂದಲೂ ಕೆಮ್ಮು, ದಮ್ಮು ಹೊತ್ತುಕೊಂಡು ಜನ ಬರುತ್ತಾರೆ. ಎಂಬಿಬಿಎಸ್ ಮುಗಿಸಿ, ನೀಟ್ ಪಿಜಿಗೆ ಓದುತ್ತಾ ನಮ್ಮಲ್ಲಿ ಡ್ಯೂಟಿ ಡಾಕ್ಟರ್ ಆಗಿರುವ ಹುಡುಗ ಹುಡುಗಿಯರು ಆಗಾಗ ಕೇಳುವುದು ಒಂದೇ: "ಸರ್, ಇಷ್ಟೊಂದು ಹೊಸ ರಿಸರ್ಚ್ ಬರ್ತಾ ಇರತ್ತಲ್ಲ, ಎಲ್ಲಾ ಹೇಗೆ ಓದ್ತೀರಿ?"

ಎಲ್ಲಾ ಓದಲ್ಲ. ಓದೋಕೆ ಆಗೋದೂ ಇಲ್ಲ. ನಾನು ಇಟ್ಟುಕೊಂಡಿರುವ ಲೆಕ್ಕ ಬಹಳ ಸುಲಭದ್ದು. ಒಂದು ರಿಸರ್ಚ್ ಪೇಪರ್ ಓದಿದ ಮೇಲೆ ರೋಗಿಗೆ ನಾನು ಕೇಳುವ ಒಂದು ಪ್ರಶ್ನೆಯಾದರೂ ಬದಲಾಗಬೇಕು, ಇಲ್ಲಾ ಕೈಯಲ್ಲಿ ಮಾಡುವ ಒಂದು ಕೆಲಸವಾದರೂ ಬದಲಾಗಬೇಕು. ಎರಡೂ ಆಗದಿದ್ದರೆ ಆ ಪೇಪರ್ ಒಳ್ಳೆಯದೇ ಇರಬಹುದು, ಆದರೆ ನನಗೆ ಇವತ್ತು ಬೇಡ.

ಶನಿವಾರ ಮಧ್ಯಾಹ್ನ ಓಪಿಡಿ ಮುಗಿದ ಮೇಲೆ ನಾವು ಕೆಲವರು ಕೂರುತ್ತೇವೆ. ಊರಿನ ಒಂದಿಬ್ಬರು ಫ್ಯಾಮಿಲಿ ಡಾಕ್ಟರು, ನಮ್ಮ ಸಿಸ್ಟರ್‌ಗಳು, ಈ ಡ್ಯೂಟಿ ಡಾಕ್ಟರುಗಳು. ಮಂಡಕ್ಕಿ, ಕಾಫಿ, ಒಂದು ಪೇಪರ್. ಸಿಸ್ಟರ್‌ಗಳನ್ನು ಯಾಕೆ ಕೂರಿಸುತ್ತೀರಿ ಅಂತ ಮೊದಮೊದಲು ಒಬ್ಬರು ಕೇಳಿದ್ದರು. ಯಾಕೆ ಅಂದ್ರೆ ರಾತ್ರಿ ಎರಡು ಗಂಟೆಗೆ ಆಕ್ಸಿಜನ್ ಗುಂಡಿ ತಿರುಗಿಸೋದು ನಾನಲ್ಲ, ಅವರು.

ನಿಯಮ ಒಂದೇ, ಕೊನೆಯ ಸಾಲಿನಿಂದ ಓದುವಂತಿಲ್ಲ. ಹೊಸಬರಿಗೆ ಇದು ಬಹಳ ಕಷ್ಟ. ತೀರ್ಮಾನ ಏನು ಅಂತ ನೋಡಿ ಮುಂದಕ್ಕೆ ಹೋಗೋದು ಅಭ್ಯಾಸ, ಎಂಸಿಕ್ಯೂ ಓದಿನ ಫಲ. ನಾವು ಮೊದಲು ನೋಡೋದು ಆ ಅಧ್ಯಯನದಲ್ಲಿ ಇದ್ದವರು ಯಾರು ಅಂತ. ವಯಸ್ಸೆಷ್ಟು, ಬೀಡಿ ಸಿಗರೇಟು ಸೇದುತ್ತಿದ್ದರಾ, ಯಾವ ದೇಶ, ಕಾಯಿಲೆ ಎಷ್ಟು ಜೋರಿತ್ತು. ಆಮೇಲೆ ಯಾವುದನ್ನು ಯಾವುದಕ್ಕೆ ಹೋಲಿಸಿದರು. ಫಲಿತಾಂಶ ಕೊನೆಗೆ.

ಇದಕ್ಕೆ ನಾನು ಯಾವಾಗಲೂ ಕೊಡೋ ಉದಾಹರಣೆ ಕೋವಿಡ್ ಕಾಲದ ರಿಕವರಿ ಅಧ್ಯಯನ. 2020ರ ಜೂನ್‌ನಲ್ಲಿ ಬ್ರಿಟನ್ನಿನಿಂದ ಸುದ್ದಿ ಬಂತು, ಡೆಕ್ಸಾಮೆಥಾಸೋನ್ ಅನ್ನೋ ಹಳೇ, ಅಗ್ಗದ ಸ್ಟೀರಾಯ್ಡ್ ಜೀವ ಉಳಿಸುತ್ತದೆ ಅಂತ. ನಿಜವೇ. ವೆಂಟಿಲೇಟರ್‌ನಲ್ಲಿದ್ದವರಲ್ಲಿ 28 ದಿನದೊಳಗಿನ ಸಾವು ಶೇ 41.4ರಿಂದ ಶೇ 29.3ಕ್ಕೆ ಇಳಿದಿತ್ತು. ಆಕ್ಸಿಜನ್ ಮೇಲಿದ್ದವರಿಗೂ ಸ್ವಲ್ಪ ಉಪಯೋಗವಾಗಿತ್ತು. ಆದರೆ ಆಕ್ಸಿಜನ್ ಬೇಕಾಗಿಲ್ಲದವರಿಗೆ? ಅವರಿಗೆ ಏನೂ ಲಾಭ ಇರಲಿಲ್ಲ, ಸ್ಟೀರಾಯ್ಡ್ ಕೊಟ್ಟ ಗುಂಪಿನಲ್ಲಿ ಸಾವು ಶೇ 17.8, ಕೊಡದ ಗುಂಪಿನಲ್ಲಿ ಶೇ 14. ಅದೇ ಪೇಪರ್, ಅದೇ ಕೋಷ್ಟಕ, ಕೆಳಗಿನ ಸಾಲು. ಆ ಸಾಲು ಓದದೆ ಜ್ವರ ಬಂದ ಮಾರನೇ ದಿನವೇ ಸ್ಟೀರಾಯ್ಡ್ ಮಾತ್ರೆ ನುಂಗಿ, ಸಕ್ಕರೆ ಏರಿಸಿಕೊಂಡು ಬಂದವರನ್ನು ಎರಡನೇ ಅಲೆಯಲ್ಲಿ ಎಲ್ಲಾ ಡಾಕ್ಟರುಗಳೂ ನೋಡಿದ್ದಾರೆ. ಯಾರಿಗೆ, ಯಾವಾಗ ಅಂತ ಕೇಳದೆ "ಕೆಲಸ ಮಾಡತ್ತಾ ಇಲ್ವಾ" ಅಂತ ಮಾತ್ರ ಕೇಳಿದರೆ ಹೀಗಾಗುತ್ತದೆ.

ಈಗ ನನ್ನ ಕೋಣೆಯಲ್ಲಿ ಬದಲಾದ ಪ್ರಶ್ನೆಗಳಿಗೆ ಬರುತ್ತೇನೆ. ಅದರಲ್ಲಿ ಮೊದಲನೆಯದು ಬಚ್ಚಲ ಒಲೆಯದ್ದು.

ಸಿಓಪಿಡಿ, ಅಂದರೆ ಉಸಿರಿನ ಕೊಳವೆ ಕಿರಿದಾಗಿ ದಮ್ಮು ಕಟ್ಟುವ ದೀರ್ಘಕಾಲದ ಶ್ವಾಸಕೋಶದ ತೊಂದರೆ, ಸಿಗರೇಟಿನ ಕಾಯಿಲೆ ಅಂತಲೇ ನಾವೆಲ್ಲ ಓದಿದ್ದು. ಇಲ್ಲಿ ಬರುವವರಲ್ಲಿ ಅಂಥವರೂ ಇದ್ದಾರೆ. ಆದರೆ ಐವತ್ತು ಅರವತ್ತು ದಾಟಿದ ಹೆಂಗಸರು, ಜೀವಮಾನದಲ್ಲಿ ಒಂದು ಬೀಡಿ ಮುಟ್ಟದವರು, ಘಟ್ಟದ ಮನೆಯ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವರು, ಅವರೂ ಬಹಳ ಜನ. 2018ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ ಬಂದ ಭಾರತದ ಲೆಕ್ಕದ ಪ್ರಕಾರ 2016ರಲ್ಲಿ ನಮ್ಮ ದೇಶದಲ್ಲಿ ಸುಮಾರು 5.5 ಕೋಟಿ ಜನಕ್ಕೆ ಸಿಓಪಿಡಿ ಇತ್ತು. ಗಾಳಿಯ ಮಾಲಿನ್ಯ, ಅಂದರೆ ಹೊರಗಿನ ಹೊಗೆ ಮತ್ತು ಮನೆಯೊಳಗಿನ ಹೊಗೆ ಎರಡೂ ಸೇರಿ, ಇದಕ್ಕೆ ತಂಬಾಕಿಗಿಂತ ದೊಡ್ಡ ಕಾರಣ ಅಂತ ಅದರಲ್ಲೇ ಇತ್ತು. 2023ರ ಗೋಲ್ಡ್ (ಸಿಓಪಿಡಿಯ ಜಾಗತಿಕ ಮಾರ್ಗಸೂಚಿ) ವರದಿಯಂತೂ ಸಿಓಪಿಡಿಯನ್ನು ಕಾರಣದ ಮೇಲೆ ಬೇರೆ ಬೇರೆ ಬಗೆಗಳಾಗಿ ವಿಂಗಡಿಸಿ, ಸೌದೆ ಹೊಗೆ ಮತ್ತು ಮಾಲಿನ್ಯದಿಂದ ಬರುವುದಕ್ಕೆ ಅದರದೇ ಜಾಗ ಕೊಟ್ಟಿತು.

ಇದನ್ನು ಓದಿ ನಮ್ಮ ಡ್ಯೂಟಿ ಡಾಕ್ಟರ್ ಹುಡುಗಿ ಒಬ್ಬಳು ಕೇಸ್ ಶೀಟಿನಲ್ಲಿ ಹೊಸ ಪ್ರಶ್ನೆ ಸೇರಿಸಿದಳು, ಮನೆಯಲ್ಲಿ ಗ್ಯಾಸ್ ಇದೆಯಾ ಅಂತ. ಎಲ್ಲರೂ ಇದೆ ಅಂತಲೇ ಹೇಳುತ್ತಿದ್ದರು. ಶೀಟಿನಲ್ಲಿ "ಹೊಗೆ ಇಲ್ಲ" ಅಂತ ಟಿಕ್ ಬೀಳುತ್ತಿತ್ತು. ಒಂದು ದಿನ ಹೊಸನಗರದ ಕಡೆಯ ಅಮ್ಮ ಒಬ್ಬರು ಕೂತಿದ್ದಾಗ ನಾನೇ ಮಾತು ಮುಂದುವರಿಸಿದೆ.

"ಅಡಿಗೆ ಗ್ಯಾಸಲ್ಲೇನಮ್ಮ?"

"ಹೌದು ಡಾಕ್ಟ್ರೇ, ಗ್ಯಾಸಲ್ಲೇ. ಒಲೆ ಬಿಟ್ಟು ಬಾಳ ವರ್ಷ ಆತು."

"ಸ್ನಾನದ ನೀರು?"

"ಅದು ಹಂಡೆ ಒಲೇಲಿ. ಗ್ಯಾಸಲ್ಲಿ ಅಷ್ಟು ನೀರು ಕಾಯ್ಸಕ್ಕಾಗತ್ತಾ?"

"ಬೆಂಕಿ ಹಾಕೋರು ಯಾರು?"

"ಇನ್ಯಾರು, ನಾನೇ."

ಮಲೆನಾಡಿನ ಮನೆ ಗೊತ್ತಿದ್ದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಗ್ಯಾಸ್ ಬಂದಿದ್ದು ಅಡುಗೆ ಮನೆಗೆ. ಬಚ್ಚಲಿಗೆ ಇನ್ನೂ ದರಗು, ಹಸಿ ಸೌದೆ, ಅಡಿಕೆ ಸಿಪ್ಪೆ, ಹಾಳೆ ಚೂರು. ಮಳೆಗಾಲದಲ್ಲಿ ಸೌದೆ ಒದ್ದೆ, ಉರಿಯೋದಕ್ಕಿಂತ ಹೊಗೆಯಾಡೋದೇ ಜಾಸ್ತಿ, ಸೋಲಾರ್ ಇದ್ದರೂ ಆ ತಿಂಗಳುಗಳಲ್ಲಿ ಅದು ಸುಮ್ನೆ ಮಾಡಿನ ಮೇಲೆ ಕೂತಿರುತ್ತದೆ. ಬಚ್ಚಲಿಗೆ ಇರೋದು ಒಂದು ಸಣ್ಣ ಕಿಂಡಿ. ಬಗ್ಗಿ ಕೂತು ಊದುಕೊಳವೆಯಲ್ಲಿ ಊದುವವರು ಮನೆಯ ಹೆಂಗಸರು. ಅದರ ಮೇಲೆ ಅಡಿಕೆ ಸುಗ್ಗಿ ಬಂದರೆ ಅಡಿಕೆ ಬೇಯಿಸುವ ಒಲೆಯ ಹೊಗೆ ಬೇರೆ. ಈಗ ನಮ್ಮ ಶೀಟಿನಲ್ಲಿ ಇರೋ ಪ್ರಶ್ನೆ "ಬಚ್ಚಲ ಒಲೆಗೆ ಬೆಂಕಿ ಹಾಕೋರು ಯಾರು, ಹೊಗೆ ಹೋಗೋಕೆ ಕೊಳವೆ ಇದೆಯಾ" ಅಂತ. ಒಲೆಯ ಬಾಯಿ ಬಚ್ಚಲಿನ ಹೊರಗೆ ಇರುವಂತೆ ಮಾಡಿಸಿ, ಒಂದು ಹೊಗೆಕೊಳವೆ ಹಾಕಿಸಿ ಅನ್ನೋದು ನಾನು ಚೀಟಿಯಲ್ಲಿ ಬರೆಯುವ ಔಷಧಿಗಳ ಜೊತೆಗೇ ಬರೆಯುವ ಸಾಲು. ಮಾಡಿಸುತ್ತಾರಾ? ಕೆಲವರು ಮಾಡಿಸುತ್ತಾರೆ. ಗಂಡ ಅಥವಾ ಮಗ ಜೊತೆಗೆ ಬಂದಾಗ ಅವರ ಎದುರಿಗೇ ಹೇಳಿದರೆ ಜಾಸ್ತಿ ಮಾಡಿಸುತ್ತಾರೆ, ಇದು ನನ್ನ ಅನುಭವ.

ಇದೇ ವಿಷಯದಲ್ಲಿ ಒಂದು ಶನಿವಾರ ಜೋರು ವಾದ ನಡೆಯಿತು. ಹಾಪಿನ್ ಅಂತ ದೊಡ್ಡ ಅಧ್ಯಯನ, ನಮ್ಮ ತಮಿಳುನಾಡೂ ಸೇರಿದಂತೆ ನಾಲ್ಕು ದೇಶಗಳ ಊರುಗಳಲ್ಲಿ ಸುಮಾರು 3200 ಗರ್ಭಿಣಿಯರು, ಅರ್ಧ ಜನರಿಗೆ ಉಚಿತ ಗ್ಯಾಸ್ ಒಲೆ. ಹೊಗೆ ಚೆನ್ನಾಗಿಯೇ ಕಡಿಮೆಯಾಯಿತು, ಆದರೆ 2022ರಲ್ಲಿ ಬಂದ ಫಲಿತಾಂಶದಲ್ಲಿ ಮಕ್ಕಳ ಹುಟ್ಟು ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. "ಹಾಗಾದ್ರೆ ಹೊಗೆ ಬಿಡಿಸೋದು ವೇಸ್ಟಾ ಸರ್?" ಅಂದ ಒಬ್ಬ. ಅಲ್ಲ ಮಾರಾಯ. ಅವರು ಕೇಳಿದ ಪ್ರಶ್ನೆ ಗರ್ಭದ ಕೆಲವು ತಿಂಗಳುಗಳ ಹೊಗೆ ಮಗುವಿನ ತೂಕಕ್ಕೆ ಏನು ಮಾಡುತ್ತದೆ ಅಂತ. ನಲವತ್ತು ವರ್ಷ ಊದುಕೊಳವೆ ಹಿಡಿದ ಅಮ್ಮನ ಶ್ವಾಸಕೋಶದ ಬಗ್ಗೆ ಆ ಪೇಪರ್ ಮಾತೇ ಆಡಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಹುಡುಕಬಾರದು, ಅಲ್ವಾ.

ಹೊಗೆಯ ಕಥೆ ಕೇಳಿದ ಮಾತ್ರಕ್ಕೆ ಸಿಓಪಿಡಿ ಅಂತ ಬರೆಯೋ ಹಾಗಿಲ್ಲ. ಸ್ಪೈರೋಮೆಟ್ರಿ, ಅಂದರೆ ಮಷೀನಿಗೆ ಊದಿಸಿ ಉಸಿರು ಅಳೆಯುವ ಪರೀಕ್ಷೆ, ಬೇಕು. ಹೊಸ ಡಾಕ್ಟರುಗಳಿಗೆ ಇದರ ಅಂಕಿ ಬಾಯಿಪಾಠ: ಉಸಿರಿನ ಕೊಳವೆ ಹಿಗ್ಗಿಸುವ ಔಷಧಿ ಕೊಟ್ಟ ಮೇಲೂ ಮೊದಲ ಸೆಕೆಂಡಿನಲ್ಲಿ ಊದಿದ ಗಾಳಿ ಒಟ್ಟು ಊದಿದ ಗಾಳಿಯ 0.70ಕ್ಕಿಂತ ಕಡಿಮೆ ಇರಬೇಕು. ಆದರೆ ಎಷ್ಟೋ ಜನ ತಾವೇ ಒಮ್ಮೆಯೂ ಊದಿರುವುದಿಲ್ಲ. 2019ರಿಂದ ಎಂಬಿಬಿಎಸ್‌ಗೆ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಬಂದಿದೆ, ಕೈ ಕೆಲಸ ಕಲಿಯಬೇಕು ಅನ್ನೋದೇ ಅದರ ಆಶಯ, ಆದರೆ ಲಾಗ್ ಬುಕ್ಕಿಗೆ ಸಹಿ ಬೀಳೋದೂ ಕೈಗೆ ಕೆಲಸ ಬರೋದೂ ಒಂದೇ ಅಲ್ಲ. ಹಾಗಾಗಿ ನಮ್ಮಲ್ಲಿ ಸೇರಿದ ಮೊದಲ ವಾರವೇ ಅವರನ್ನೇ ಕೂರಿಸಿ, ಮೂಗಿಗೆ ಕ್ಲಿಪ್ ಹಾಕಿ ಊದಿಸುತ್ತೇನೆ. ಪೂರ್ತಿ ಎಳೆದುಕೋ, ಒಂದೇ ಸಲ ಬಿಡು, ಊದು ಊದು ಊದು, ನಿಲ್ಲಿಸಬೇಡ. ಕಣ್ಣು ಕತ್ತಲೆ ಬಂದ ಹಾಗೆ ಆಗುತ್ತದೆ. ಆಮೇಲೆ ಅವರು ಯಾವ ಅಜ್ಜಿಗೂ "ಸರಿಯಾಗಿ ಊದ್ತಾ ಇಲ್ಲ ನೀವು" ಅಂತ ರೇಗುವುದಿಲ್ಲ.

ನಮ್ಮ ಕಡೆ ಇನ್ನೊಂದು ಪಾಠ ಇದೆ, ಅದು ಯಾವ ಮಾರ್ಗಸೂಚಿಯಲ್ಲೂ ಸಿಗದು. ಮಷೀನಿನ ಮುಂದೆ ಕೂರಿಸುವ ಮೊದಲು ಬಾಯಲ್ಲಿ ಕವಳ (ಎಲೆಅಡಿಕೆ) ಇದೆಯಾ ಅಂತ ನೋಡಬೇಕು. ಇದ್ದೇ ಇರುತ್ತದೆ. ಉಗಿದು, ಬಾಯಿ ಮುಕ್ಕಳಿಸಿ, ಹಲ್ಲಿನ ಸೆಟ್ ಸಡಿಲ ಇದ್ದರೆ ತೆಗೆದು, ಆಮೇಲೆ ಮುಂದಿನ ಮಾತು. ಮೊದಲ ಸುತ್ತು ಊದಿಸಿ, ಕೊಳವೆ ಹಿಗ್ಗಿಸುವ ಸಾಲ್ಬುಟಮಾಲ್ 400 ಮೈಕ್ರೋಗ್ರಾಂ ಕೊಟ್ಟು, ಕಾಲು ಗಂಟೆ ಕೂರಿಸಿ ಮತ್ತೆ ಊದಿಸುತ್ತೇವೆ. ಆ ಕಾಲು ಗಂಟೆ ನಮಗೆ ಬಂಗಾರ, ಇನ್ಹೇಲರ್ ಹೇಳಿಕೊಡೋಕೆ ಅದನ್ನೇ ಬಳಸುತ್ತೇವೆ.

ಇನ್ಹೇಲರ್ ವಿಷಯಕ್ಕೆ ಬಂದರೆ, ಕಳೆದ ಕೆಲವು ವರ್ಷಗಳಲ್ಲಿ ನನ್ನ ಕೆಲಸವನ್ನು ಅತಿ ಹೆಚ್ಚು ಬದಲಿಸಿದ ಸಂಶೋಧನೆ ಇದೇ. ಅಸ್ತಮಾ ಇದ್ದವರಿಗೆ ಸಾಲ್ಬುಟಮಾಲ್ ಪಂಪ್ ಒಂದನ್ನೇ ಕೊಟ್ಟು, ದಮ್ಮು ಬಂದಾಗ ಹೊಡ್ಕೊಳ್ಳಿ ಅನ್ನೋದು ದಶಕಗಳ ರೂಢಿ. 2019ರಲ್ಲಿ ಜೀನಾ, ಅಂದರೆ ಅಸ್ತಮಾದ ಜಾಗತಿಕ ಮಾರ್ಗಸೂಚಿ, ದೊಡ್ಡವರಿಗೂ ಹದಿಹರೆಯದವರಿಗೂ ಬರೀ ಸಾಲ್ಬುಟಮಾಲ್ ಬೇಡ ಅಂತ ಹೇಳಿಬಿಟ್ಟಿತು. ಅದು ಕೊಳವೆ ಹಿಗ್ಗಿಸುತ್ತದೆ ಅಷ್ಟೇ, ಒಳಗಿನ ಊತಕ್ಕೆ ಏನೂ ಮಾಡುವುದಿಲ್ಲ. ವರ್ಷಕ್ಕೆ ಮೂರು ಅಥವಾ ಜಾಸ್ತಿ ಪಂಪ್ ಖಾಲಿ ಮಾಡುವವರಿಗೆ ದಮ್ಮಿನ ಜೋರಾದ ದಾಳಿಯ ಅಪಾಯ ಹೆಚ್ಚು.

ಅದರ ಹಿಂದೆ ಇದ್ದದ್ದು ಸಿಗ್ಮಾ ಅನ್ನೋ ಅವಳಿ ಅಧ್ಯಯನ, 2018ರದ್ದು. ಅದರ ಎರಡನೇ ಅಧ್ಯಯನದಲ್ಲಿ ಸೌಮ್ಯ ಅಸ್ತಮಾದ 4000ಕ್ಕೂ ಹೆಚ್ಚು ಜನ. ಒಂದು ಗುಂಪಿಗೆ ದಿನಾ ಎರಡು ಹೊತ್ತು ಊತ ಇಳಿಸುವ ಸ್ಟೀರಾಯ್ಡ್ ಬುಡೆಸೊನೈಡ್, ಇನ್ನೊಂದಕ್ಕೆ ಬುಡೆಸೊನೈಡ್ ಮತ್ತು ಕೊಳವೆ ಹಿಗ್ಗಿಸುವ ಫಾರ್ಮೊಟೆರಾಲ್ ಕೂಡಿದ ಇನ್ಹೇಲರ್, ಬೇಕಾದಾಗ ಮಾತ್ರ. ಜೋರಾದ ದಾಳಿಗಳು ಎರಡೂ ಕಡೆ ಹೆಚ್ಚುಕಡಿಮೆ ಒಂದೇ, ಆದರೆ ಬೇಕಾದಾಗ ಎಳೆದವರ ದೇಹಕ್ಕೆ ಹೋದ ಸ್ಟೀರಾಯ್ಡ್ ಸುಮಾರು ಕಾಲು ಭಾಗ. ದಿನಾ ತಗೊಂಡವರಿಗೆ ದಿನನಿತ್ಯದ ಲಕ್ಷಣಗಳು ಒಂಚೂರು ಚೆನ್ನಾಗಿ ಹತೋಟಿಯಲ್ಲಿದ್ದವು, ಅದನ್ನೂ ಹೇಳಬೇಕು. ಮರುವರ್ಷ ನ್ಯೂಜಿಲೆಂಡ್ ನೇತೃತ್ವದ ಅಧ್ಯಯನದಲ್ಲೂ ಬರೀ ಸಾಲ್ಬುಟಮಾಲ್ ಗುಂಪಿಗಿಂತ ಈ ಕೂಡು ಇನ್ಹೇಲರ್‌ನವರಿಗೆ ಜೋರಾದ ದಾಳಿ ಕಡಿಮೆ.

ನನಗೆ ಇದು ಯಾಕೆ ಇಷ್ಟವಾಯಿತು ಅಂದ್ರೆ, ಇದು ನಮ್ಮ ಜನ ಇರೋ ಹಾಗೇ ಅವರನ್ನು ಒಪ್ಪಿಕೊಳ್ಳುತ್ತದೆ. ಆರಾಮಿದ್ದಾಗ ದಿನಾ ಔಷಧಿ ಎಳೆಯಿರಿ ಅಂದರೆ ಎಳೆಯುವವರು ಎಷ್ಟು ಜನ? ಅದೂ "ಪಂಪ್ ಅಭ್ಯಾಸ ಆಗಿಬಿಡತ್ತೆ" ಅನ್ನೋ ಭಯ ಮನೆಮನೆಯಲ್ಲೂ ಇರುವಾಗ. ಈಗ ಸೌಮ್ಯ ಅಸ್ತಮಾದವರು ದಮ್ಮು ಬಂದಾಗ ಎಳೆದರೂ ಜೊತೆಗೆ ಊತದ ಔಷಧಿಯೂ ಹೋಗುತ್ತದೆ. ಆದರೆ ಒಂದು ಎಚ್ಚರಿಕೆ, ಡ್ಯೂಟಿ ಡಾಕ್ಟರುಗಳಿಗೆ ಮತ್ತೆ ಮತ್ತೆ ಹೇಳೋದು: ಇದು ಫಾರ್ಮೊಟೆರಾಲ್‌ಗೆ ಮಾತ್ರ. ಅದು ಕೆಲವೇ ನಿಮಿಷದಲ್ಲಿ ಕೆಲಸ ಶುರು ಮಾಡುತ್ತದೆ. ಅದೇ ಬಗೆಯ ಸಾಲ್ಮೆಟೆರಾಲ್ ನಿಧಾನದ್ದು, ಹಾಗಾಗಿ ಸಾಲ್ಮೆಟೆರಾಲ್ ಇರುವ ಇನ್ಹೇಲರ್ ಅನ್ನು "ಬೇಕಾದಾಗ" ಅಂತ ಬರೆಯುವಂತಿಲ್ಲ. ನೋಡೋಕೆ ಎರಡೂ ಒಂದೇ ಥರ ಇರುತ್ತವೆ. ರೋಗಿಗೆ ನಾನು ಕೇಳೋ ಪ್ರಶ್ನೆಯೂ ಬದಲಾಯಿತು. "ದಮ್ಮು ಹೇಗಿದೆ" ಅಂದರೆ ಎಲ್ಲರೂ "ಅಡ್ಡಿಲ್ಲ" ಅನ್ನುತ್ತಾರೆ. "ಹೋದ ಸಲ ಅಂಗಡಿಯಿಂದ ಪಂಪ್ ತಗೊಂಡಿದ್ದು ಯಾವಾಗ" ಅಂದರೆ ನಿಜ ಹೊರಗೆ ಬರುತ್ತದೆ.

ಔಷಧಿ ಸರಿ ಇದ್ದರೂ ಎಳೆಯೋದು ಸರಿ ಇಲ್ಲದಿದ್ದರೆ ಅಷ್ಟೂ ನಾಲಿಗೆಯ ಮೇಲೆ. ರೋಟಾಹೇಲರ್, ಅಂದರೆ ಕ್ಯಾಪ್ಸೂಲಿನ ಪುಡಿ ಎಳೆಯುವ ಇನ್ಹೇಲರ್, ತಂದು ತೋರಿಸಿ ಅಂತ ಪ್ರತಿ ಸಲ ಹೇಳುತ್ತೇವೆ. ಆಷಾಢದಲ್ಲಿ ಒಬ್ಬರು ತಂದ ಕ್ಯಾಪ್ಸೂಲ್ ಬೆರಳಿಗೆ ಮೆತ್ತಗೆ ಸಿಕ್ಕಿತು, ಅಂಗೈಗೆ ಅಂಟುವಷ್ಟು. ಡಬ್ಬಿ ಮುಚ್ಚಳ ತೆಗೆದೇ ಅಡುಗೆ ಮನೆಯ ಕಿಟಕಿ ಹತ್ತಿರ ಇಡುತ್ತಿದ್ದರಂತೆ. ತಿರುಗಿಸಿದರೆ ಕ್ಯಾಪ್ಸೂಲ್ ಬೇರ್ಪಡುತ್ತದೆ, ಆದರೆ ಒಳಗಿನ ಪುಡಿ ಗಂಟು ಕಟ್ಟಿ ಗೋಡೆಗೇ ಅಂಟಿಕೊಂಡಿದೆ. ಎಳೆದವರಿಗೆ ಬಂದಿದ್ದು ಬರೀ ಗಾಳಿ. ಪುಡಿ ಇನ್ಹೇಲರ್‌ಗೆ ತೇವ ಆಗಿಬರುವುದಿಲ್ಲ, ಇನ್ಹೇಲರ್ ಒಳಗೆ ಉಸಿರು ಬಿಟ್ಟರೂ ಇದೇ ಕಥೆ. ಹಾಗಾಗಿ ಮಳೆಗಾಲ ಶುರುವಾಗುವ ಮೊದಲೇ ಕೆಲವರಿಗೆ ಪುಡಿಯಿಂದ ಪಂಪ್ ಮತ್ತು ಸ್ಪೇಸರ್‌ಗೆ ಬದಲಿಸುತ್ತೇನೆ.

ಸ್ಪೇಸರ್ ಅಂದರೆ ಪಂಪಿನ ಔಷಧಿಯನ್ನು ಹಿಡಿದಿಟ್ಟು ನಿಧಾನವಾಗಿ ಎಳೆಯಲು ಬಿಡುವ ಡಬ್ಬಿ. ಅದನ್ನು ಕೊಳ್ಳೋಕೆ ದುಡ್ಡಿಲ್ಲ ಅಂದರೆ ಬಾಟಲಿ. ಇದು ನಾನು ಕಂಡುಹಿಡಿದಿದ್ದಲ್ಲ. 1999ರಲ್ಲಿ ಕೇಪ್ ಟೌನ್‌ನ ಮಕ್ಕಳ ವೈದ್ಯರು ಲ್ಯಾನ್ಸೆಟ್‌ನಲ್ಲಿ ಬರೆದರು, ಅರ್ಧ ಲೀಟರ್ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಪಂಪ್ ಕೂರಿಸಿ ಸಂದಿ ಮುಚ್ಚಿದರೆ ಅದು ಅಂಗಡಿಯ ಸ್ಪೇಸರ್‌ನಷ್ಟೇ ಕೆಲಸ ಮಾಡುತ್ತದೆ, ಥರ್ಮೋಕೋಲ್ ಲೋಟ ಮಾತ್ರ ಅಷ್ಟು ಪ್ರಯೋಜನವಿಲ್ಲ ಅಂತ. ನಮ್ಮ ಸಿಸ್ಟರ್ ಮಾಡೋದು ಹೀಗೆ. ಪಂಪಿನ ಬಾಯಿಯನ್ನು ಬಾಟಲಿ ತಳದ ಮೇಲೆ ಇಟ್ಟು ಪೆನ್ನಲ್ಲಿ ಗುರುತು ಹಾಕುತ್ತಾರೆ, ಕಾಯಿಸಿದ ತಂತಿಯಲ್ಲಿ ಅದೇ ಅಳತೆಗೆ ಕೊರೆಯುತ್ತಾರೆ, ಪಂಪ್ ತೂರಿಸಿ ಸುತ್ತಲೂ ಗಾಳಿ ಹೋಗದಂತೆ ಟೇಪ್ ಸುತ್ತುತ್ತಾರೆ. ಬಾಟಲಿಯ ಕತ್ತಿನ ಕಡೆ ಮಗು ಬಾಯಿಟ್ಟು ಉಸಿರಾಡುತ್ತದೆ. ಮೊದಲು ಸೋಪಿನ ನೀರಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸದೆ ಹಾಗೇ ಒಣಗಿಸಬೇಕು. ಒರೆಸಿದರೆ ಪ್ಲಾಸ್ಟಿಕ್‌ಗೆ ವಿದ್ಯುತ್ ಹತ್ತಿ ಔಷಧಿಯನ್ನು ಗೋಡೆಯೇ ಹಿಡಿದಿಟ್ಟುಕೊಳ್ಳುತ್ತದೆ. ಒಂದು ಸಲಕ್ಕೆ ಒಂದೇ ಪಫ್.

ಆಕ್ಸಿಜನ್ ವಿಷಯ ಸ್ವಲ್ಪದರಲ್ಲಿ ಹೇಳುತ್ತೇನೆ. 2010ರಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದ ಆಂಬುಲೆನ್ಸ್‌ಗಳಲ್ಲಿ ನಡೆದ ಅಧ್ಯಯನದಲ್ಲಿ, ಸಿಓಪಿಡಿ ಉಲ್ಬಣಗೊಂಡವರಿಗೆ ಧಾರಾಳವಾಗಿ ಆಕ್ಸಿಜನ್ ಬಿಡುವ ಬದಲು ರಕ್ತದ ಆಕ್ಸಿಜನ್ ಮಟ್ಟ ಶೇ 88ರಿಂದ 92ರ ನಡುವೆ ಇರುವಷ್ಟೇ ಕೊಟ್ಟಾಗ ಸಾವು ಅರ್ಧಕ್ಕಿಂತಲೂ ಕಡಿಮೆಯಾಗಿತ್ತು. ಜಾಸ್ತಿ ಆಕ್ಸಿಜನ್ ಕೊಟ್ಟರೆ ಇವರ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಹತ್ತುತ್ತದೆ, ಮನೆಯವರು "ಪಾಪ ಈಗ ನಿದ್ದೆ ಬಂತು" ಅಂದುಕೊಳ್ಳುತ್ತಾರೆ. ನಮ್ಮಲ್ಲಿ ಪ್ರತಿ ಫ್ಲೋ ಮೀಟರ್ ಮೇಲೂ "ಸಿಓಪಿಡಿ 88–92" ಅಂತ ಚೀಟಿ ಅಂಟಿಸಿದ್ದಾರೆ, ಅದು ಸಿಸ್ಟರ್‌ಗಳದೇ ಯೋಚನೆ. ಮಳೆಗಾಲದಲ್ಲಿ ಬೆರಳು ತಣ್ಣಗಿದ್ದರೆ ಆಕ್ಸಿಮೀಟರ್ ಸುಳ್ಳು ಹೇಳುತ್ತದೆ, ಕೈ ಉಜ್ಜಿ ಬೆಚ್ಚಗೆ ಮಾಡಿ ನೋಡಬೇಕು.

ಟಿಬಿಯಲ್ಲಿ ನನ್ನನ್ನು ಅಲುಗಾಡಿಸಿದ ಸಂಶೋಧನೆ ನಮ್ಮ ಘಟ್ಟದ ಕೆಳಗಿನದ್ದೇ. ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡ್‌ನಲ್ಲಿ ನಡೆಸಿದ ರೇಷನ್ಸ್ ಅಧ್ಯಯನ, 2023ರಲ್ಲಿ ಬಂತು. ಟಿಬಿ ಇದ್ದವರ ಮನೆಯವರಿಗೆ ಆಹಾರದ ಕಿಟ್ ಕೊಟ್ಟಾಗ ಅವರಲ್ಲಿ ಹೊಸದಾಗಿ ಟಿಬಿ ಬರೋದು ಶೇ 39ರಷ್ಟು ಕಡಿಮೆಯಾಯಿತು. ರೋಗಿಗಳಲ್ಲಿ ಮೊದಲ ಎರಡು ತಿಂಗಳಲ್ಲಿ ತೂಕ ಏರಿದವರಿಗೆ ಸಾವಿನ ಅಪಾಯ ಬಹಳ ಕಡಿಮೆ. ಇದನ್ನು ಓದಿದ ಮೇಲೆ ತೂಕದ ಯಂತ್ರ ಕಾರಿಡಾರಿನಿಂದ ನನ್ನ ಮೇಜಿನ ಪಕ್ಕಕ್ಕೆ ಬಂತು. ಮನೆಯಲ್ಲಿ ಪಥ್ಯ ಏನು ಮಾಡಿಸ್ತಿದ್ದೀರಿ ಅಂತ ಕೇಳುತ್ತೇನೆ. ಮೊಸರು ಶೀತ, ಮೊಟ್ಟೆ ಉಷ್ಣ, ಮೀನು ಬೇಡ, ಬರೀ ಗಂಜಿ ಅನ್ನೋ ಮನೆಗಳು ಇನ್ನೂ ಇವೆ. ಎಲ್ಲಾ ತಿನ್ನಿಸಿ, ಹುರುಳಿ ಸಾರು, ಶೇಂಗಾ, ಮೊಟ್ಟೆ, ತಿನ್ನೋರಾದ್ರೆ ಮೀನು ಅಂತ ಚೀಟಿಯಲ್ಲೇ ಬರೆದುಕೊಡುತ್ತೇನೆ. ಟಿಬಿ ರೋಗಿಗಳ ಆಹಾರಕ್ಕೆ ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 1000 ರೂಪಾಯಿ ಆಗಿದೆ, ಅದು ಖಾತೆಗೆ ಬಂತಾ ಅಂತ ಕೇಳೋದೂ ಈಗ ನನ್ನ ಕೆಲಸದ ಭಾಗ.

ಸದ್ಯ ನಮ್ಮ ಶನಿವಾರಗಳು ಇಯೋಸಿನೋಫಿಲ್, ಅಂದರೆ ರಕ್ತದ ಒಂದು ಬಗೆಯ ಬಿಳಿ ಕಣದ ಮೇಲೆ ನಡೆಯುತ್ತಿವೆ. ಸಿಓಪಿಡಿಯಲ್ಲಿ ರಕ್ತದ ಇಯೋಸಿನೋಫಿಲ್ ಒಂದು ಮೈಕ್ರೋಲೀಟರಿಗೆ 300 ಅಥವಾ ಮೇಲಿದ್ದರೆ ಇನ್ಹೇಲರ್ ಸ್ಟೀರಾಯ್ಡ್ ಉಪಯೋಗಕ್ಕೆ ಬರುತ್ತದೆ, 100ಕ್ಕಿಂತ ಕೆಳಗಿದ್ದರೆ ಬೇಡ ಅನ್ನುತ್ತದೆ ಗೋಲ್ಡ್. 2023ರ ಬೋರಿಯಾಸ್ ಅಧ್ಯಯನದಲ್ಲಿ 300ರ ಮೇಲಿದ್ದವರಿಗೆ ಡುಪಿಲುಮ್ಯಾಬ್ ಇಂಜೆಕ್ಷನ್ ಕೊಟ್ಟಾಗ ಉಲ್ಬಣಗಳು ಶೇ 30ರಷ್ಟು ಇಳಿದವು. ಆ ಇಂಜೆಕ್ಷನ್ನಿನ ಬೆಲೆ ಕೇಳಿದರೆ ನಮ್ಮ ರೋಗಿಗಳಿಗೆ ಅಲ್ಲೇ ದಮ್ಮು ಬರುತ್ತದೆ, ಹಾಗಾಗಿ ಅದನ್ನು ಪಕ್ಕಕ್ಕಿಟ್ಟಿದ್ದೇವೆ. ಆದರೆ ಎಣಿಕೆ ಅಗ್ಗ, ಮಾಮೂಲಿ ರಕ್ತ ಪರೀಕ್ಷೆ ಸಿಬಿಸಿಯಲ್ಲೇ ಸಿಗುತ್ತದೆ. ತೊಂದರೆ ಏನೆಂದರೆ ಆ ಅಧ್ಯಯನದವರು ಗದ್ದೆ ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಲ್ಲ. ಇಲ್ಲಿ ಜಂತುಹುಳಕ್ಕೂ ಇಯೋಸಿನೋಫಿಲ್ ಏರುತ್ತದೆ. ಎಣಿಕೆ ಜಾಸ್ತಿ ಬಂದರೆ ಹುಳದ ಮಾತ್ರೆ ಕೊಟ್ಟು ಕೆಲವು ವಾರ ಬಿಟ್ಟು ಮತ್ತೆ ನೋಡೋಣ ಅನ್ನೋದು ನನ್ನ ವಾದ. ಸಾಗರದ ಡಾಕ್ಟರ್ ಗೆಳೆಯರದು, ಉಲ್ಬಣ ಪದೇ ಪದೇ ಆಗುತ್ತಿದ್ದರೆ ಕಾಯೋದು ಬೇಡ, ಎರಡೂ ಒಟ್ಟಿಗೇ ಶುರು ಮಾಡೋಣ ಅಂತ. ಇನ್ನೂ ಇತ್ಯರ್ಥ ಆಗಿಲ್ಲ. ಅಲ್ಲಿಯವರೆಗೆ ಮಾಡಿರೋದು ಇಷ್ಟು: ಶೇಕಡಾವಾರು ಮಾತ್ರ ಬರೆಯುತ್ತಿದ್ದ ಲ್ಯಾಬಿನವರಿಗೆ ಹೇಳಿ, ಒಟ್ಟು ಸಂಖ್ಯೆಯನ್ನೂ ರಿಪೋರ್ಟಿನಲ್ಲಿ ಬರೆಸುತ್ತಿದ್ದೇವೆ.